ಯಾರೂ ನುಡಿಸದೆ ನುಡಿಯುವ ಟಿವಿ

(ಮೈಸೂರಿನಲ್ಲಿ ಕಲೆ ಮತ್ತು ಎಲೆಕ್ಟ್ರಾನಿಕ್ಸ್ ಓದುವ ಹುಡುಗ ಹುಡುಗಿಯರ ಮುಂದೆ ಆಡಿದ ಮಾತಿನ ಬರಹ ರೂಪ ಇದು. ಬರೆಯುವಾಗ ಅಲ್ಲಲ್ಲಿ ಸ್ವಲ್ಪ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮಾತು ಶುರು ಮಾಡುವ ಮೊದಲು ಒಂದು ಕ್ಷಣ ಕಿವಿ ಮುಚ್ಚಿಕೊಳ್ಳಿ. ಈ ಮೈಕನ್ನು ಆ ಸ್ಪೀಕರಿನ ಮುಂದೆ ಹಿಡಿಯುತ್ತೇನೆ.

ಕೇಳಿತಲ್ಲ? ಈ ಕೂಗು ನಿಮಗೆ ಹೊಸದಲ್ಲ. ಗಣಪತಿ ಪೆಂಡಾಲಿನಲ್ಲಿ, ಶಾಲೆಯ ವಾರ್ಷಿಕೋತ್ಸವದಲ್ಲಿ, ಪ್ರಾರ್ಥನೆ ಹಾಡಲು ಮಗು ಬಂದು ನಿಂತ ಕೂಡಲೇ ಇದು ಬರುತ್ತದೆ. ಗಾಬರಿಯಲ್ಲಿ ನಾವು ಮೈಕಿನ ತಲೆಯನ್ನು ಅಂಗೈಯಿಂದ ಮುಚ್ಚುತ್ತೇವೆ. ಆಗ ಕೂಗು ಇನ್ನೂ ಜಾಸ್ತಿಯಾಗುತ್ತದೆ. ಮೈಕ್‌ಸೆಟ್‌ನವರು ಓಡಿ ಬಂದು ವಾಲ್ಯೂಮ್ ಇಳಿಸುತ್ತಾರೆ. ಎಲ್ಲರೂ ಉಸಿರು ಬಿಡುತ್ತಾರೆ.

ಆದರೆ ಒಂದು ಪ್ರಶ್ನೆ. ಆಗ ಹಾಡಿದ್ದು ಯಾರು? ನಾನು ಬಾಯಿ ತೆರೆದಿಲ್ಲ. ಯಾವ ರೆಕಾರ್ಡೂ ಓಡುತ್ತಿಲ್ಲ. ಈ ಕೋಣೆಯಲ್ಲಿ ಫ್ಯಾನಿನದೋ ಕುರ್ಚಿಯದೋ ಒಂದು ಚೂರು ಸದ್ದು ಇತ್ತು. ಅದು ಮೈಕಿಗೆ ಹೋಯಿತು. ಆಂಪ್ಲಿಫೈಯರ್ ಅದನ್ನು ದೊಡ್ಡದು ಮಾಡಿತು. ಸ್ಪೀಕರಿನಿಂದ ಹೊರಬಂದದ್ದು ಮತ್ತೆ ಮೈಕಿಗೆ ಹೋಯಿತು, ಮತ್ತೆ ದೊಡ್ಡದಾಯಿತು. ಹೀಗೆ ಸುತ್ತಿ ಸುತ್ತಿ ಬೆಳೆಯಿತು. ಯಾವ ಸ್ವರ ಬೆಳೆಯಬೇಕು ಅನ್ನೋದನ್ನು ಮೈಕಿಗೂ ಸ್ಪೀಕರಿಗೂ ಇರುವ ದೂರ, ಈ ಗೋಡೆ, ಈ ಚಾವಣಿ, ಇಲ್ಲಿ ಕೂತಿರುವ ನೀವು, ಎಲ್ಲ ಸೇರಿ ತೀರ್ಮಾನ ಮಾಡಿದಿರಿ. ಒಂದು ಹೆಜ್ಜೆ ಹಿಂದೆ ಹೋದರೆ ಸ್ವರ ಬದಲಾಗುತ್ತದೆ.

ನನ್ನ ಇವತ್ತಿನ ಮಾತೆಲ್ಲ ಈ ಕೂಗಿನ ಬಗ್ಗೆಯೇ. ಇದನ್ನು ತೊಂದರೆ ಅಂತ ಆರಿಸದೆ, ಕೂತು ಕೇಳಿದವರು ಇದ್ದಾರೆ. ಅವರು ಹಳೇ ಯಂತ್ರಗಳಿಂದ ಏನೇನು ಮಾಡಿದರು ಅಂತ ಹೇಳುತ್ತೇನೆ. ಕೊನೆಯಲ್ಲಿ ನಾವು ಕಟ್ಟಿರುವ, ಈ ಮೂಲೆಯಲ್ಲಿ ಬಟ್ಟೆ ಹೊದ್ದು ಕೂತಿರುವ ಸಾಮಾನನ್ನೂ ತೋರಿಸುತ್ತೇನೆ.

1968ರಲ್ಲಿ ಅಮೆರಿಕದ ಸಂಗೀತ ಸಂಯೋಜಕ ಸ್ಟೀವ್ ರೈಕ್ 'ಪೆಂಡುಲಂ ಮ್ಯೂಸಿಕ್' ಅನ್ನೋ ಒಂದು ಕೃತಿ ಮಾಡಿದರು. ತುಂಬ ಸುಲಭ. ಮೂರೋ ನಾಲ್ಕೋ ಸ್ಪೀಕರುಗಳನ್ನು ನೆಲದ ಮೇಲೆ ಮಲಗಿಸಿ. ಪ್ರತಿಯೊಂದರ ಮೇಲೂ ಒಂದು ಮೈಕನ್ನು ಅದರ ವೈರಿನಿಂದಲೇ ತೂಗುಹಾಕಿ. ಮೈಕುಗಳನ್ನು ಉಯ್ಯಾಲೆಯ ಹಾಗೆ ಹಿಂದಕ್ಕೆಳೆದು ಒಟ್ಟಿಗೆ ಬಿಟ್ಟುಬಿಡಿ. ಮೈಕು ಸ್ಪೀಕರಿನ ಮೇಲೆ ಹಾದುಹೋದಾಗ ಮಾತ್ರ ಒಂದು 'ವುಪ್'. ಮೊದಲು ದೂರ ದೂರ. ಉಯ್ಯಾಲೆ ಸಣ್ಣದಾದ ಹಾಗೆ ಸದ್ದು ಉದ್ದವಾಗುತ್ತಾ ಬರುತ್ತದೆ. ಎಲ್ಲ ಮೈಕೂ ನಿಂತಾಗ ಒಂದೇ ಎಳೆ ದನಿ ಉಳಿಯುತ್ತದೆ. ಆಗ ಪ್ಲಗ್ ಕೀಳುತ್ತಾರೆ. ಕೃತಿ ಮುಗಿಯಿತು. ಮೈಕು ಬಿಟ್ಟ ಮೇಲೆ ಕಲಾವಿದರು ಕೂಡ ನಮ್ಮ ಹಾಗೇ ಕೂತು ಕೇಳುವವರು.

ಇದು ಸದ್ದಿನ ಕಥೆಯಾಯಿತು. ಬೆಳಕಿನ ಕಥೆಗೆ ನಮ್ಮ ಅಪ್ಪನ ಅಂಗಡಿಗೆ ಹೋಗಬೇಕು.

ಅಪ್ಪನದು ಅರಸೀಕೆರೆಯಲ್ಲಿ ರೇಡಿಯೊ, ಟಿವಿ ರಿಪೇರಿ ಅಂಗಡಿ. ನಾನು ಶಾಲೆ ಬಿಟ್ಟ ಮೇಲೆ ಅಲ್ಲೇ ಕೂತು ಹೋಂವರ್ಕ್ ಮಾಡುತ್ತಿದ್ದೆ. ಕಾದ ಸೋಲ್ಡರಿಂಗ್ ಐರನ್ನು, ಕರಗಿದ ರಾಳದ ವಾಸನೆ, ಬೆನ್ನು ತೆಗೆದಿಟ್ಟ ಟಿವಿಗಳು. ಅಪ್ಪ ನನಗೆ ಕಲಿಸಿದ ಮೊದಲ ಪಾಠ ಟಿವಿಯ ಹಿಂದಕ್ಕೆ ಕೈ ಹಾಕುವಾಗ ಇನ್ನೊಂದು ಕೈ ಬೆನ್ನ ಹಿಂದೆ ಇರಬೇಕು ಅನ್ನೋದು. ಪಿಕ್ಚರ್ ಟ್ಯೂಬಿನಲ್ಲಿ ಹತ್ತು ಸಾವಿರ ವೋಲ್ಟಿಗೂ ಮೇಲೆ ಇರುತ್ತದೆ, ಕಲರ್ ಸೆಟ್ಟಾದರೆ ಇಪ್ಪತ್ತು ಸಾವಿರ ದಾಟುತ್ತದೆ. ಸ್ವಿಚ್ ಆರಿಸಿದ ಮೇಲೂ ಅದು ಟ್ಯೂಬಿನಲ್ಲಿ ಕೂತೇ ಇರುತ್ತದೆ. ಎರಡು ಕೈ ತಾಗಿದರೆ ಶಾಕ್ ಎದೆಯ ಮೂಲಕ ಹೋಗುತ್ತದೆ. ನಿಮ್ಮಲ್ಲಿ ಯಾರಾದರೂ ಈ ಮಾತು ಕೇಳಿ ಉತ್ಸಾಹದಿಂದ ಗುಜರಿಯಿಂದ ಟಿವಿ ತಂದು ಬಿಚ್ಚುವುದಾದರೆ, ದಯವಿಟ್ಟು ಗೊತ್ತಿರುವವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಇದನ್ನು ಸುಮ್ನೆ ಹೇಳುತ್ತಿಲ್ಲ.

ಅಂಗಡಿಗೆ ಬರುತ್ತಿದ್ದ ಟಿವಿಗಳಲ್ಲಿ ಒಂದು ರೋಗ ಮತ್ತೆ ಮತ್ತೆ ಕಾಣುತ್ತಿತ್ತು. ಪರದೆಯೆಲ್ಲ ಕಪ್ಪು. ನಟ್ಟ ನಡುವೆ ಅಡ್ಡಲಾಗಿ ಒಂದೇ ಒಂದು ಬೆಳ್ಳಗಿನ ಗೆರೆ. ಅಪ್ಪ ದೂರದಿಂದಲೇ ನೋಡಿ 'ವರ್ಟಿಕಲ್ ಹೋಗಿದೆ' ಅನ್ನುತ್ತಿದ್ದರು. ಟ್ಯೂಬಿನ ಹಿಂದಿನಿಂದ ಬರುವ ಎಲೆಕ್ಟ್ರಾನಿನ ಎಳೆಯನ್ನು ಎಡಬಲಕ್ಕೆ ಎಳೆಯುವ ಸುರುಳಿ ಕೆಲಸ ಮಾಡುತ್ತಿದೆ. ಮೇಲೆ ಕೆಳಗೆ ಎಳೆಯುವುದು ಕೈ ಕೊಟ್ಟಿದೆ. ಹಾಗಾಗಿ ಇಡೀ ಚಿತ್ರ, ಅದರಲ್ಲಿನ ಮನುಷ್ಯರು, ಮನೆ, ಮರ ಎಲ್ಲ ಒಂದೇ ಗೆರೆಯೊಳಗೆ ಮಡಚಿಕೊಂಡುಬಿಟ್ಟಿವೆ. ಅಪ್ಪ ಮೊದಲು ಬ್ರೈಟ್‌ನೆಸ್ ಇಳಿಸುತ್ತಿದ್ದರು. ಗೆರೆ ಜಾಸ್ತಿ ಹೊತ್ತು ಅಲ್ಲೇ ನಿಂತರೆ ಟ್ಯೂಬಿನ ಒಳಗಿನ ಲೇಪ ಸುಟ್ಟು ಕಲೆ ಉಳಿದುಬಿಡುತ್ತದೆ.

ಇದೇ ಗೆರೆಯನ್ನು ನಾನು ಎಷ್ಟೋ ವರ್ಷ ಆದ ಮೇಲೆ ಒಂದು ಕಲೆಯ ಪುಸ್ತಕದಲ್ಲಿ ನೋಡಿದೆ. ಅಲ್ಲಿ ಗೆರೆ ನಿಂತುಕೊಂಡಿತ್ತು. ಮೇಲಿನಿಂದ ಕೆಳಕ್ಕೆ, ನೆಟ್ಟಗೆ. ಕೆಳಗೆ ಬರೆದಿತ್ತು: ನಾಮ್ ಜೂನ್ ಪೈಕ್, 'ಝೆನ್ ಫಾರ್ ಟಿವಿ', 1963.

ಪೈಕ್ ಹುಟ್ಟಿದ್ದು 1932ರಲ್ಲಿ ಕೊರಿಯಾದ ಸೋಲ್ ನಗರದಲ್ಲಿ. ಟೋಕಿಯೊದಲ್ಲಿ ಓದಿದರು, ಆಮೇಲೆ ಸಂಗೀತ ಕಲಿಯಲು ಜರ್ಮನಿಗೆ ಹೋದರು. 1963ರ ಮಾರ್ಚ್‌ನಲ್ಲಿ ವುಪ್ಪರ್ಟಾಲ್ ಊರಿನ ಗ್ಯಾಲರಿ ಪರ್ನಾಸ್‌ನಲ್ಲಿ ಅವರ ಮೊದಲ ದೊಡ್ಡ ಪ್ರದರ್ಶನ ಆಯಿತು. ಒಬ್ಬ ವಾಸ್ತುಶಿಲ್ಪಿಯ ಮನೆಯೇ ಗ್ಯಾಲರಿ. ಅದರ ಒಂದು ಕೋಣೆಯಲ್ಲಿ ಹನ್ನೆರಡು ಹದಿಮೂರು ಹಳೇ ಟಿವಿಗಳನ್ನು ನೆಲದ ಮೇಲೆ ಹೇಗೆ ಬೇಕೋ ಹಾಗೆ ಇಟ್ಟಿದ್ದರು. ಪ್ರತಿಯೊಂದರ ಒಳಗೂ ಕೈ ಹಾಕಿ ಏನೋ ಒಂದು ಬದಲಾಯಿಸಿದ್ದರು. ಸಾಗಿಸುವಾಗ ಒಂದು ಸೆಟ್ ಕೆಟ್ಟು ಚಿತ್ರವೆಲ್ಲ ಗೆರೆಯಾಯಿತು ಅನ್ನುತ್ತಾರೆ. ಪೈಕ್ ಅದನ್ನು ರಿಪೇರಿಗೆ ಕಳಿಸಲಿಲ್ಲ. ಪಕ್ಕಕ್ಕೆ ಮಲಗಿಸಿಬಿಟ್ಟರು. ಗೆರೆ ಎದ್ದು ನಿಂತಿತು.

ಆ ಪುಟ ನೋಡಿದಾಗ ನನಗೆ ಮೈ ಜುಂ ಅಂದಿತ್ತು. ಅಪ್ಪನಿಗೂ ಪೈಕ್‌ಗೂ ಕಂಡದ್ದು ಒಂದೇ ಗೆರೆ. ಅಪ್ಪನಿಗೆ ಗಿರಾಕಿ ಕಾಯುತ್ತಿದ್ದರು, ಸಂಜೆಯೊಳಗೆ ಸರಿಮಾಡಿ ಕೊಡಬೇಕಿತ್ತು. ಪೈಕ್‌ಗೆ ಅದನ್ನು ನೋಡುತ್ತಾ ಕೂರಲು ಬಿಡುವಿತ್ತು. ಇಬ್ಬರಿಗೂ ಆ ಗೆರೆ ಯಾಕೆ ಬಂತು ಅಂತ ಗೊತ್ತಿತ್ತು. ಅದನ್ನು ಮರೆಯಬಾರದು. ಕಲಾವಿದರು ಯಂತ್ರವನ್ನು ಸುಮ್ನೆ ಕೆಡಿಸಿದರು ಅಂತ ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಕೆಡಿಸೋದಕ್ಕೂ ಟಿವಿಯ ಒಳಗು ಗೊತ್ತಿರಬೇಕು.

ಅದೇ ಕೋಣೆಯಲ್ಲಿ ಇನ್ನೊಂದು ಟಿವಿ ಇತ್ತು. ಅದಕ್ಕೆ ಒಂದು ರೇಡಿಯೊ ಜೋಡಿಸಿದ್ದರು. ಪರದೆಯ ನಡುವೆ ಒಂದು ಬೆಳಕಿನ ಚುಕ್ಕಿ. ರೇಡಿಯೊ ವಾಲ್ಯೂಮ್ ಏರಿಸಿದರೆ ಚುಕ್ಕಿ ದೊಡ್ಡದಾಗುತ್ತದೆ, ಇಳಿಸಿದರೆ ಸಣ್ಣದಾಗುತ್ತದೆ. ಎರಡು ವರ್ಷ ಆದ ಮೇಲೆ, 1965ರಲ್ಲಿ, ಟಿವಿಯ ಮೇಲೆ ಒಂದು ದೊಡ್ಡ ಅಯಸ್ಕಾಂತ ಇಟ್ಟರು. ಚಿತ್ರವೆಲ್ಲ ಸೆಳೆದುಕೊಂಡು ಬಳುಕಿ ಸೀರೆಯ ನೆರಿಗೆಯ ಹಾಗಾಯಿತು. ಕಾರಣ ಇಷ್ಟೇ. ಎಲೆಕ್ಟ್ರಾನಿನ ಎಳೆಯನ್ನು ಕಾಂತ ಎಳೆಯಬಲ್ಲದು. ಟಿವಿಯೊಳಗಿನ ಸುರುಳಿಗಳು ಮಾಡುವುದೂ ಅದನ್ನೇ.

ಈಗ ಡೇವಿಡ್ ಟ್ಯೂಡರ್ ಅನ್ನುವವರ ಹತ್ತಿರ ಬರೋಣ. ನನಗೆ ಎಲ್ಲರಿಗಿಂತ ಹತ್ತಿರದವರು ಇವರು. ಪಿಯಾನೊದಲ್ಲಿ ಆ ಕಾಲದ ದೊಡ್ಡ ಹೆಸರು. 1952ರಲ್ಲಿ ಅಮೆರಿಕದ ಸಂಯೋಜಕ ಜಾನ್ ಕೇಜ್ ಅವರ ಮೌನದ ಕೃತಿಯನ್ನು ಮೊದಲು ನುಡಿಸಿದವರು ಅವರೇ. ನುಡಿಸಿದರು ಅಂದರೆ, ನಾಲ್ಕು ನಿಮಿಷ ಮೂವತ್ಮೂರು ಸೆಕೆಂಡು ಪಿಯಾನೊ ಮುಂದೆ ಸುಮ್ಮನೆ ಕೂತರು. ಆಮೇಲೆ ಮೆಲ್ಲಗೆ ಪಿಯಾನೊ ಬಿಟ್ಟು ಬೆಸುಗೆ ಹಾಕುವ ಕಡೆಗೆ, ಸಣ್ಣ ಸಣ್ಣ ಎಲೆಕ್ಟ್ರಾನಿಕ್ ಡಬ್ಬಿಗಳ ಕಡೆಗೆ ಬಂದರು.

1966ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕಿನ 69ನೇ ರೆಜಿಮೆಂಟಿನ ಆರ್ಮರಿಯಲ್ಲಿ, ಅಂದರೆ ಸೈನಿಕರ ಕವಾಯತಿನ ದೊಡ್ಡ ಕಟ್ಟಡದಲ್ಲಿ, ಒಂಬತ್ತು ಸಂಜೆಗಳ ಕಾರ್ಯಕ್ರಮ ಆಯಿತು. ಹತ್ತು ಕಲಾವಿದರು, ಅವರ ಜೊತೆಗೆ ಟೆಲಿಫೋನ್ ಕಂಪನಿಯ ಸಂಶೋಧನಾಲಯವಾದ ಬೆಲ್ ಲ್ಯಾಬ್ಸ್‌ನ ಸುಮಾರು ಮೂವತ್ತು ಎಂಜಿನಿಯರುಗಳು. ಟ್ಯೂಡರ್ ಅಲ್ಲಿ ಬ್ಯಾಂಡೋನಿಯನ್ ಹಿಡಿದು ಕೂತರು. ಅದು ಅರ್ಜೆಂಟೀನಾದ ಟ್ಯಾಂಗೊ ಸಂಗೀತದ ವಾದ್ಯ. ನಮ್ಮ ಹಾರ್ಮೋನಿಯಂ ಹಾಗೆ ತಿದಿ ಇರುತ್ತದೆ, ಆದರೆ ಎರಡು ಕೈಯಲ್ಲಿ ಹಿಡಿದು ಹಿಗ್ಗಿಸಿ ಕುಗ್ಗಿಸಬೇಕು. ಅದಕ್ಕೆ ಮೈಕುಗಳನ್ನು ಅಂಟಿಸಿದ್ದರು. ಬಂದ ಸದ್ದು, ಕೆಲವು ಸ್ವರಗಳನ್ನು ಮಾತ್ರ ಬಿಡುವ ಫಿಲ್ಟರುಗಳ ಮೂಲಕ ಹಾದು ಹಾಲ್‌ನ ದೀಪಗಳನ್ನು ಹತ್ತಿಸಿ ಆರಿಸುತ್ತಿತ್ತು. ದೊಡ್ಡ ಪರದೆಗಳ ಮೇಲೆ ಟಿವಿಯ ಗೆರೆಗಳನ್ನು ಕುಣಿಸುತ್ತಿತ್ತು. ಒಂದು ಸ್ಪೀಕರಿನಿಂದ ಇನ್ನೊಂದಕ್ಕೆ ಜಿಗಿಯುತ್ತಿತ್ತು. ಚಕ್ರದ ಮೇಲೆ ಓಡಾಡುವ ಸ್ಪೀಕರುಗಳೂ ಇದ್ದವು. ಆ ದೊಡ್ಡ ಕಟ್ಟಡವೋ, ಒಂದು ಸದ್ದು ಬಿದ್ದರೆ ಬೇಗ ಬಿಡುವುದೇ ಇಲ್ಲ, ಗುಂಯ್‌ಗುಡುತ್ತಲೇ ಇರುತ್ತದೆ. ಅದೂ ಮತ್ತೆ ಮೈಕಿಗೆ ಬಂದು ಸೇರುತ್ತಿತ್ತು.

ಅದರ ಬಗ್ಗೆ ಟ್ಯೂಡರ್ ಬರೆದುಕೊಟ್ಟ ಟಿಪ್ಪಣಿಯ ಸಾರ ಇದು: ಇಲ್ಲಿ ಮೊದಲೇ ರಚಿಸಿದ್ದು ಏನೂ ಇಲ್ಲ, ಚಾಲೂ ಮಾಡಿದರೆ ಈ ವಾದ್ಯಗಳ ಕೂಟ ತನ್ನ ಸ್ವಭಾವದಿಂದಲೇ ತನ್ನನ್ನು ತಾನು ರಚಿಸಿಕೊಳ್ಳುತ್ತದೆ. ತನ್ನನ್ನು ತಾನು. ಈ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿದೆ.

ಎಪ್ಪತ್ತರ ದಶಕದಲ್ಲಿ ಅವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ವಾದ್ಯವನ್ನೇ ಬಿಟ್ಟರು. ಆಂಪ್ಲಿಫೈಯರು, ಫಿಲ್ಟರು, ಇಂಥ ಡಬ್ಬಿಗಳ ಔಟ್‌ಪುಟ್ ತೆಗೆದು ಅವುಗಳದೇ ಇನ್‌ಪುಟ್‌ಗೆ ಚುಚ್ಚಿದರು. ಹೊರಗಿನಿಂದ ಒಂದು ಸದ್ದೂ ಒಳಗೆ ಹೋಗುವುದಿಲ್ಲ. ಆದರೂ ಹಕ್ಕಿ ಚಿಲಿಪಿಲಿ, ಕೀರಲು, ಗುಡುಗು, ಏನೇನೋ ಬರುತ್ತದೆ. 1975ರ 'ಟೋನ್‌ಬರ್ಸ್ಟ್' ಹೀಗೆ ಹುಟ್ಟಿದ್ದು.

ಇದೇ ಟ್ಯೂಡರ್ 1969ರಲ್ಲಿ ನಮ್ಮ ದೇಶಕ್ಕೆ ಬಂದಿದ್ದರು. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೆ, ಅಂದರೆ ಎನ್‌ಐಡಿಗೆ. ಅಲ್ಲಿ ಮೂಗ್ ಸಿಂಥಸೈಜರ್, ಅಂದರೆ ಕರೆಂಟಿನಿಂದಲೇ ಸ್ವರ ಹುಟ್ಟಿಸುವ ಯಂತ್ರ, ಇಟ್ಟು ಎಲೆಕ್ಟ್ರಾನಿಕ್ ಸಂಗೀತದ ಸ್ಟುಡಿಯೊ ಶುರು ಮಾಡಿಕೊಟ್ಟರು. ಅದರ ಹಿಂದೆ ಗೀತಾ ಸಾರಾಭಾಯಿ ಇದ್ದರು. 1946ರಲ್ಲಿ ನ್ಯೂಯಾರ್ಕಿನಲ್ಲಿ ಜಾನ್ ಕೇಜ್‌ಗೆ ಭಾರತೀಯ ಸಂಗೀತ ಹೇಳಿಕೊಟ್ಟವರು ಅವರು, ಅದಕ್ಕೆ ಬದಲಾಗಿ ಅವರಿಂದ ಪಶ್ಚಿಮದ ಸಂಗೀತ ಕಲಿತರು. ಸಂಗೀತ ಯಾಕೆ ಬೇಕು ಅಂತ ಕೇಜ್ ಕೇಳಿದಾಗ, ಮನಸ್ಸನ್ನು ತಿಳಿಯಾಗಿಸೋದಕ್ಕೆ ಅಂತ ತಮ್ಮ ಗುರುಗಳ ಮಾತನ್ನು ಹೇಳಿದರಂತೆ. ಕೇಜ್ ಅದನ್ನು ಜೀವನಪೂರ್ತಿ ನೆನೆಸಿಕೊಂಡರು.

ಅಹಮದಾಬಾದಿನ ಸ್ಟುಡಿಯೊದಲ್ಲಿ ಐ.ಎಸ್. ಮಾಥುರ್, ಅತುಲ್ ದೇಸಾಯಿ, ಎಸ್.ಸಿ. ಶರ್ಮಾ, ಜಿನ್‌ರಾಜ್ ಜೋಶಿಪುರ ಮೊದಲಾದವರು ಕೆಲಸ ಮಾಡಿದರು. ಕೆಲವೇ ವರ್ಷ. ಆಮೇಲೆ ಆ ಟೇಪುಗಳನ್ನು ಎಲ್ಲರೂ ಮರೆತರು. ದಶಕಗಳಾದ ಮೇಲೆ ಪಾಲ್ ಪುರ್ಗಸ್ ಅನ್ನೋ ಬ್ರಿಟಿಷ್ ಕಲಾವಿದರು ಸಂಸ್ಥೆಯ ಸಂಗ್ರಹದಲ್ಲಿ ಅವನ್ನು ಹುಡುಕಿ ತೆಗೆದರು. 2023ರಲ್ಲಿ ಅವುಗಳ ಒಂದು ಆಯ್ಕೆ ರೆಕಾರ್ಡ್ ಆಗಿ ಬಂತು. ದಯವಿಟ್ಟು ಕೇಳಿ. ನಮ್ಮವರು ಅಷ್ಟು ಹಿಂದೆಯೇ ಈ ದಾರಿಯಲ್ಲಿ ನಡೆದಿದ್ದರು ಅಂತ ನನಗೆ ನಲವತ್ತು ದಾಟುವವರೆಗೂ ಗೊತ್ತಿರಲಿಲ್ಲ. ನಿಮಗೆ ಈಗಲೇ ಗೊತ್ತಾಗಲಿ.

ಸರಿ, ಈಗ ಬಟ್ಟೆ ತೆಗೆಯೋಣ.

ಇವು ಮೂರು ಕಪ್ಪು-ಬಿಳುಪು ಟಿವಿಗಳು. ಹದಿನಾಲ್ಕು ಇಂಚಿನವು. ಎರಡು ಗುಜರಿಯಿಂದ ಬಂದವು, ಒಂದು ಅಪ್ಪನ ಅಂಗಡಿಯಲ್ಲಿ ಯಾರೋ ರಿಪೇರಿಗೆ ಕೊಟ್ಟು ಮತ್ತೆ ಬಂದು ಕೇಳದೇ ಇದ್ದದ್ದು. ಬೆಂಗಳೂರಿನ ಬಿಇಎಲ್‌ನಲ್ಲೂ ಒಂದು ಕಾಲಕ್ಕೆ ಇಂಥ ಸೆಟ್ಟುಗಳಿಗೆ ಪಿಕ್ಚರ್ ಟ್ಯೂಬ್ ತಯಾರಾಗುತ್ತಿತ್ತು. ಇವಕ್ಕೆ ಈಗ ಕೇಬಲ್ ಇಲ್ಲ, ಸೆಟ್ ಟಾಪ್ ಬಾಕ್ಸ್ ಇಲ್ಲ. ಪೆನ್ ಡ್ರೈವಿನಲ್ಲಿ ಯಾವ ವಿಡಿಯೊನೂ ಇಲ್ಲ.

ನಡುವಿನ ಟಿವಿಯ ಎದುರಿಗೆ ಒಂದು ಹಳೇ ಹ್ಯಾಂಡಿಕ್ಯಾಮ್ ಇದೆ. ಅದು ನೋಡುತ್ತಿರುವುದು ಈ ಟಿವಿಯನ್ನೇ. ಟಿವಿ ತೋರಿಸುವುದು ಅದು ನೋಡಿದ್ದನ್ನೇ. ಸೆಲೂನಿನಲ್ಲಿ ಎದುರುಬದುರು ಕನ್ನಡಿ ಇರುತ್ತವಲ್ಲ, ಒಂದರೊಳಗೆ ಒಂದು, ಕೊನೆಯೇ ಇಲ್ಲದ ಹಾಗೆ? ಅದೇ ರೀತಿ. ಆದರೆ ಕ್ಯಾಮೆರಾವನ್ನು ಒಂಚೂರು ಓರೆ ಮಾಡಿದರೆ ಸಾಲು ತಿರುಚಿಕೊಂಡು ಸುಳಿಯಾಗುತ್ತದೆ. ಇನ್ನೊಂಚೂರು ಜೂಮ್ ಮಾಡಿದರೆ ಸುಳಿ ಉಸಿರಾಡುವುದಕ್ಕೆ ಶುರು ಮಾಡುತ್ತದೆ.

ಇದು ನೋಡಿ, ಒಂದು ಬೆರಳುದ್ದದ ಸೋಲಾರ್ ತುಂಡು. ಅಂಗಳದ ಸೋಲಾರ್ ದೀಪದಿಂದ ಬಿಚ್ಚಿದ್ದು. ಇದರ ಎರಡು ವೈರನ್ನು ನೇರವಾಗಿ ಆಂಪ್ಲಿಫೈಯರಿನ ಇನ್‌ಪುಟ್‌ಗೆ ಕೊಟ್ಟಿದ್ದೇನೆ. ಈಗ ಇದನ್ನು ಮೇಲಿನ ಟ್ಯೂಬ್‌ಲೈಟಿನ ಕಡೆ ಹಿಡಿಯುತ್ತೇನೆ. ಕೇಳಿ. 'ಹ್‌ಮ್‌ಮ್' ಅನ್ನುತ್ತಿದೆ. ನಮ್ಮ ಕರೆಂಟು ಸೆಕೆಂಡಿಗೆ 50 ಸಲ ಹಿಂದೆ ಮುಂದೆ ಹೋಗುತ್ತದೆ. ಪ್ರತಿ ಸಲವೂ ಈ ಹಳೇ ಟ್ಯೂಬ್‌ಲೈಟಿನ ಬೆಳಕು ಎರಡು ಬಾರಿ ಏರಿ ಇಳಿಯುತ್ತದೆ. ಸೆಕೆಂಡಿಗೆ 100 ಸಲ. ಕಣ್ಣಿಗೆ ಅದು ಕಾಣುವುದಿಲ್ಲ, ಕಿವಿಗೆ ಸ್ವರವಾಗಿ ಕೇಳುತ್ತದೆ. ನಾನು ಬೆರಳು ಅಡ್ಡ ಹಿಡಿದರೆ ನಿಲ್ಲುತ್ತದೆ. ಬೆರಳುಗಳನ್ನು ಬಿಡಿಸಿ ಬೀಸಿದರೆ ನಡುಗುತ್ತದೆ. ನಾವೀಗ ಬೆಳಕನ್ನು ಕೇಳುತ್ತಿದ್ದೇವೆ.

ಈಗ ಈ ತುಂಡನ್ನು ಟಿವಿಯ ಗಾಜಿಗೆ ಅಂಟಿಸುತ್ತೇನೆ. ಟಿವಿಯ ಬೆಳಕು ಸೆಕೆಂಡಿಗೆ 50 ಸಲ ಮೇಲಿನಿಂದ ಕೆಳಗೆ ಗುಡಿಸಿಕೊಂಡು ಬರುತ್ತದೆ. ಅದು ಒರಟು ದನಿ, ಜೇನುಗೂಡಿನ ಹಾಗೆ. ಚಿತ್ರ ಬದಲಾದರೆ ದನಿಯ ಬಣ್ಣವೂ ಬದಲಾಗುತ್ತದೆ. ಆ ದನಿ ಸ್ಪೀಕರಿಗೆ ಹೋಗುತ್ತದೆ. ಅದನ್ನು ಕೋಣೆಯ ಆ ಕಡೆ ಇರುವ ಮೈಕು ಕೇಳಿಸಿಕೊಳ್ಳುತ್ತದೆ. ಮೈಕಿನಿಂದ ಇನ್ನೊಂದು ಆಂಪ್ಲಿಫೈಯರು. ಅಲ್ಲಿಂದ ಟಿವಿಯ ಕತ್ತಿನ ಸುತ್ತ ನಾವು ಸುತ್ತಿರುವ ತಾಮ್ರದ ಸುರುಳಿ. ಅದಕ್ಕೆ ಕರೆಂಟ್ ಹೋದಾಗ ಚಿತ್ರ ಬಳುಕುತ್ತದೆ. ಚಿತ್ರ ಬಳುಕಿದರೆ ಬೆಳಕು ಬದಲಾಗುತ್ತದೆ. ಬೆಳಕು ಬದಲಾದರೆ ದನಿ ಬದಲಾಗುತ್ತದೆ. ಸುತ್ತು ಪೂರ್ತಿಯಾಯಿತು. ಉಳಿದ ಎರಡು ಟಿವಿಗಳೂ ಇದೇ ಹಾರದಲ್ಲಿ ಪೋಣಿಸಿಕೊಂಡಿವೆ.

ಇದನ್ನು ಮೊದಲು ಜನರ ಮುಂದೆ ಇಟ್ಟಾಗ ಒಂದು ಸಂಗತಿ ನನ್ನ ಲೆಕ್ಕದಲ್ಲಿ ಇರಲೇ ಇಲ್ಲ. ಬೆಳಿಗ್ಗೆ ಖಾಲಿ ಹಾಲ್‌ನಲ್ಲಿ ಚೆನ್ನಾಗಿ ಹೊಂದಿಸಿ ಬಿಟ್ಟಿದ್ದೆ. ಎತ್ತರದ ದನಿ, ಚುರುಕು ಸುಳಿ. ಹನ್ನೊಂದು ಗಂಟೆಗೆ ಜನ ತುಂಬಿದರು. ದನಿ ತಗ್ಗಿತು, ಸುಳಿ ನಿಧಾನವಾಯಿತು. ಏನೋ ಕೆಟ್ಟಿತು ಅಂತ ವೈರು ಹುಡುಕಿದೆ. ಏನೂ ಕೆಟ್ಟಿರಲಿಲ್ಲ. ಜನರ ಮೈ, ಬಟ್ಟೆ, ಚೀಲ ಎಲ್ಲ ಸದ್ದನ್ನು ಹೀರಿಕೊಂಡಿದ್ದವು. ಮಧ್ಯಾಹ್ನ ಊಟಕ್ಕೆ ಎಲ್ಲರೂ ಹೋದಾಗ ದನಿ ಮತ್ತೆ ಏರಿತು. ಒಬ್ಬ ಅಜ್ಜಿ ಮಾತ್ರ ಊಟಕ್ಕೆ ಹೋಗದೆ ಅಲ್ಲೇ ಕುರ್ಚಿ ಎಳೆದುಕೊಂಡು ಕೂತಿದ್ದರು. "ಏನಮ್ಮಾ, ಇದು ತಂಬೂರಿ ಶ್ರುತಿ ಮಾಡ್ತಾ ಇರೋ ಹಾಗಿದೆ, ಹಾಡೋರು ಯಾವಾಗ ಬರ್ತಾರೆ?" ಅಂತ ಕೇಳಿದರು. ಹಾಡುವವರು ಯಾರೂ ಬರೋದಿಲ್ಲ ಅಜ್ಜಿ ಅಂದೆ. "ಹಾಗಾದ್ರೆ ಇನ್ನೊಂದು ಸ್ವಲ್ಪ ಹೊತ್ತು ಕೇಳ್ತೀನಿ" ಅಂದರು.

ಹಳೇ ಟಿವಿನೇ ಯಾಕೆ, ಕಂಪ್ಯೂಟರಿನಲ್ಲಿ ಇದನ್ನೆಲ್ಲ ಸುಲಭವಾಗಿ ಮಾಡಬಹುದಲ್ಲ ಅಂತ ಕೇಳುತ್ತಾರೆ. ಮಾಡಬಹುದು, ಮಾಡಿ ಕೂಡ. ಆದರೆ ಒಂದು ಎಲ್‌ಸಿಡಿ ಟಿವಿಯ ಮೇಲೆ ಅಯಸ್ಕಾಂತ ಇಟ್ಟು ನೋಡಿ. ಚಿತ್ರ ಅಲ್ಲಾಡುವುದಿಲ್ಲ. ಫೋನಿನ ಕಾಲ್‌ನಲ್ಲಿ ನಮ್ಮದೇ ದನಿ ತಿರುಗಿ ಬರುತ್ತಿದ್ದರೆ ಒಳಗಿನ ಪ್ರೋಗ್ರಾಂ ಅದನ್ನು ಹುಡುಕಿ ಅಳಿಸುತ್ತದೆ. ಮಾತು ಕೇಳಬೇಕಾದರೆ ಅದು ಒಳ್ಳೆಯದೇ. ಆದರೆ ಹಳೇ ಯಂತ್ರಕ್ಕೆ ಸುತ್ತಲಿನದು ತಾಗುತ್ತದೆ. ವೋಲ್ಟೇಜು ಇಳಿದರೆ ಗೊತ್ತಾಗುತ್ತದೆ, ಬಿಸಿಯಾದರೆ ಗೊತ್ತಾಗುತ್ತದೆ, ಪಕ್ಕದಲ್ಲಿ ಮನುಷ್ಯರು ಬಂದರೆ ಗೊತ್ತಾಗುತ್ತದೆ. ನಮಗೆ ಬೇಕಾಗಿರುವುದು ಆ ತಾಗುವಿಕೆ.

ಹಾಗಾಗಿ ರಿಪೇರಿ ನನಗೆ ದೊಡ್ಡ ವಿಷಯ. ದಕ್ಷಿಣ ಕೊರಿಯಾದ ಗ್ವಾಚಾನ್‌ನ ರಾಷ್ಟ್ರೀಯ ಮ್ಯೂಸಿಯಂನಲ್ಲಿ ಪೈಕ್ 1988ರಲ್ಲಿ 1,003 ಟಿವಿಗಳ ಒಂದು ಗೋಪುರ ಕಟ್ಟಿದರು. ಎತ್ತರ 18.5 ಮೀಟರ್. ಟಿವಿಗಳು ಒಂದೊಂದಾಗಿ ಹಳತಾದವು. 2018ರಲ್ಲಿ ಅಪಾಯ ಅಂತ ಕರೆಂಟ್ ನಿಲ್ಲಿಸಬೇಕಾಯಿತು. ಬಹಳ ಚರ್ಚೆಯಾಗಿ, 737 ಟ್ಯೂಬ್ ಟಿವಿಗಳನ್ನು ರಿಪೇರಿ ಮಾಡಿದರು. ಸರಿಹೋಗದ 266ರ ಜಾಗಕ್ಕೆ ಚಪ್ಪಟೆ ಪರದೆ ಹಾಕಿದರು. 2022ರಲ್ಲಿ ಗೋಪುರ ಮತ್ತೆ ಬೆಳಗಿತು. ಆ ಗೋಪುರದ ಮಟ್ಟಿಗೆ ಇದು ಸರಿಯೇ ಅಂತ ನನಗನಿಸುತ್ತದೆ, ಅಲ್ಲಿ ಟಿವಿಗಳು ತೋರಿಸುವುದು ಮೊದಲೇ ಮಾಡಿಟ್ಟ ವಿಡಿಯೊ. ಆದರೆ ಆ ಒಂಟಿ ಗೆರೆಯ ಟಿವಿಗೆ ಈ ಮದ್ದು ನಡೆಯುವುದಿಲ್ಲ. ಚಪ್ಪಟೆ ಪರದೆಯ ಮೇಲೆ ಬಿಳೀ ಗೆರೆಯ ಚಿತ್ರ ಹಾಕಿದರೆ ಅದು ಗೆರೆಯ ಫೋಟೊ. ಮಡಚಿಕೊಂಡ ಚಿತ್ರ ಅದರೊಳಗೆ ಇರುವುದಿಲ್ಲ.

ನಿಮ್ಮ ಊರಿನಲ್ಲಿ ಟಿವಿ ರಿಪೇರಿ ಮಾಡುತ್ತಿದ್ದವರು ಯಾರಾದರೂ ಇದ್ದರೆ ಹೋಗಿ ಮಾತಾಡಿಸಿ. ಈಗ ಅವರು ಮೊಬೈಲ್ ಅಂಗಡಿ ಇಟ್ಟಿರಬಹುದು, ಅಥವಾ ಸುಮ್ಮನೆ ಮನೆಯಲ್ಲಿರಬಹುದು. ನಮ್ಮ ಅಪ್ಪ ಹಾಗೇ ಇದ್ದರು. ಈ ಸುರುಳಿ ಇದೆಯಲ್ಲ, ಟಿವಿಯ ಕತ್ತಿನದು, ಇದನ್ನು ಸುತ್ತಿದ್ದು ಅವರು. ಎಪ್ಪತ್ತಾರನೇ ವಯಸ್ಸಿನಲ್ಲಿ. ನಾನು ಸುತ್ತಿದ್ದು ಎರಡು ಸಲ ಬಿಸಿಯಾಗಿ ಸುಟ್ಟಿತು. ಅವರು ಬಿಚ್ಚಿ, ವೈರನ್ನು ಬೆರಳಲ್ಲಿ ಹೊರಳಿಸಿ ನೋಡಿ, "ಇನ್ನೂ ದಪ್ಪದ್ದು ತಗೊಂಡು ಬಾ" ಅಂದರು. ಅದೇ ಇವತ್ತಿಗೂ ನಡೆಯುತ್ತಿದೆ.

ಈಗ ಲೈಟುಗಳನ್ನು ಆರಿಸುತ್ತೇವೆ. ಮೊದಲು ಒಂದು ಗುಂಯ್ ನಿಲ್ಲುತ್ತದೆ, ಅದು ಟ್ಯೂಬ್‌ಲೈಟಿನದು. ಟಿವಿಗಳು ಬಿಸಿಯಾಗಲು ಅರ್ಧ ನಿಮಿಷ ಬೇಕು. ಆಮೇಲೆ ಬೇಕಾದರೆ ಎದ್ದು ಓಡಾಡಿ, ಹತ್ತಿರ ಬನ್ನಿ, ದೂರ ಹೋಗಿ. ಮಾತಾಡಲೂಬಹುದು. ನೀವು ಎಲ್ಲಿ ನಿಂತಿದ್ದೀರಿ ಅನ್ನೋದು ಅದಕ್ಕೆ ತಿಳಿಯುತ್ತದೆ.